ಓಬಯ್ಯನ ಎರವಲು ದೋಣಿ

ಎಷ್ಟು ತಲೆಮಾರಿನ ಹಿಂದೆಯೋ ಹೇಳಿದವರಿಲ್ಲ, ಬೀದಿಗಳೇ ಇಲ್ಲದ ಒಂದು ರಾಜ್ಯವಿತ್ತು. ಬೀದಿ ಇರಬೇಕಾದ ಕಡೆಯಲ್ಲೆಲ್ಲ ಅಲ್ಲಿ ಕಾಲುವೆಗಳು ಹರಿಯುತ್ತಿದ್ದವು. ಮದುವೆ ದಿಬ್ಬಣ ನೀರ ಮೇಲೆ, ಸಂತೆ ನೀರ ಮೇಲೆ, ಅರಸನ ಸವಾರಿಯೂ ನೀರ ಮೇಲೆ. ರಾಜಧಾನಿಯಲ್ಲಿ ಮನೆಗೆರಡು ದೋಣಿಗಳಿದ್ದರೆ, ಕಾಲುವೆ ಮುಗಿಯುವ ಕಡೆಯ ಊರಾದ ಹೊನ್ನೇಮಡುವಿನಲ್ಲಿ ಊರಿಗೆಲ್ಲ ಒಂದೇ ದೋಣಿ. ಅದು ಓಬಯ್ಯನದು.

ಊರಿಗೆ ಒಂದೇ ದೋಣಿ ಇದ್ದ ಮೇಲೆ ಅದು ಒಬ್ಬನದಾಗಿ ಉಳಿಯುವುದುಂಟೆ? ಅಣ್ಣನ ಮಗ ಬಂದು ಕೇಳುತ್ತಿದ್ದ, ಪಕ್ಕದ ಮನೆಯವಳು ಕೇಳುತ್ತಿದ್ದಳು, ಮೊನ್ನೆ ತಾನೇ ಜಗಳವಾಡಿದವನೂ ತಲೆ ಕೆರೆಯುತ್ತ ಬಂದು ನಿಲ್ಲುತ್ತಿದ್ದ. ಓಬಯ್ಯ ಎಲ್ಲರಿಗೂ ಕೊಡುತ್ತಿದ್ದ.

ಕೇಳಿ ತಂದ ಪಾತ್ರೆಯನ್ನು ನಾವು ಬರಿದಾಗಿ ಹಿಂದಿರುಗಿಸುವುದಿಲ್ಲವಲ್ಲ, ಹೊನ್ನೇಮಡುವಿನವರಿಗೆ ದೋಣಿಯೂ ಹಾಗೆಯೇ. ಹುಟ್ಟನ್ನು ಕೈಗೆ ಕೊಡುವಾಗ ಓಬಯ್ಯ "ತುಂಬ್ಕೊಂಡು ಬಾ" ಅನ್ನಬೇಕು. ತೆಗೆದುಕೊಂಡವರು "ತುಂಬ್ಕೊಂಡೇ ಬರ್ತೀನಿ" ಅನ್ನಬೇಕು. ದೋಣಿ ವಾಪಸು ಬರುವಾಗ ಅದರಲ್ಲಿ ಎರಡು ತೆಂಗಿನಕಾಯಿಯೋ, ಒಂದು ಕಟ್ಟು ಸೊಪ್ಪೋ, ಏನಾದರೂ ಇರಬೇಕು. ಅದು ತಮ್ಮ ಮನೆಯದೇ ಆಗಿರಬೇಕು. ಸರಿಯಾಗಿ ಮಾತು ಬಾರದ ಮಕ್ಕಳೂ ಅಲ್ಲಿ ಈ ಎರಡು ಮಾತನ್ನು ಆಟದಲ್ಲಿ ಆಡುತ್ತಿದ್ದವು.

ಓಬಯ್ಯನ ಹೆಂಡತಿ ದೇವೀರಿ. ಅವಳು ಒಂದು ಬೆಳಗ್ಗೆ ಕಾಲುವೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಕಾಲುವೆಯ ತುದಿಯ ತೂಬಿನ ಕಡೆಯಿಂದ ದಟ್ಟ ಮಂಜು ಇಳಿದು ಬಂತು. ಮಂಜು ಸರಿದಾಗ ಬಟ್ಟೆ ಅಲ್ಲೇ ಇತ್ತು, ದೇವೀರಿ ಇರಲಿಲ್ಲ.

ಊರವರಿಗೆ ಅದು ಯಾರ ಕೆಲಸವೆಂದು ಗೊತ್ತಿತ್ತು. ತೂಬಿನಾಚೆಯ ಕೊಳದ ನಡುವೆ ಮಬ್ಬರಾಯನೆಂಬ ಮಾಂತ್ರಿಕನಿದ್ದ. ಅವನ ಮನೆಗೆ ನೆಂಟರು ಬರುತ್ತಿರಲಿಲ್ಲ, ನೆರೆಯವರೂ ಬರುತ್ತಿರಲಿಲ್ಲ. ಅದಕ್ಕೇ ಅವನು ಮಂಜು ಕಳಿಸಿ ಜನರನ್ನು ಹೊತ್ತು ತರಿಸಿಕೊಂಡು, ಬೆಳ್ಳಕ್ಕಿಗಳನ್ನಾಗಿ ಮಾಡಿ ಮನೆಯ ಸುತ್ತ ಕೂರಿಸಿಕೊಳ್ಳುತ್ತಿದ್ದ.

ಓಬಯ್ಯ ತೂಬಿನ ಬಳಿಗೆ ಓಡಿದ. ಅಲ್ಲಿ ತೂಬಿನಷ್ಟೇ ಹಳೆಯ ಒಂದು ಆಮೆಯಿತ್ತು. ಅದಕ್ಕೆ ಮಾತು ಬರುತ್ತಿತ್ತು.

"ಅಳಬೇಡ ಕಣಪ್ಪ," ಎಂದಿತು ಆಮೆ. "ಈ ತೂಬಿನ ಬಾಗಿಲು ನಿನಗಾಗಿ ಮೂರು ಸಲ ತೆಗೆಯುತ್ತೆ. ಯಾವ ದಿನ ಅಂತ ನನಗೂ ಗೊತ್ತಿಲ್ಲ. ಆದರೆ ಹೊತ್ತು ಹುಟ್ಟಿ ದನ ಬಿಡುವಷ್ಟರೊಳಗೇ ತೆಗೆಯುತ್ತೆ. ಆಗ ದೋಣಿ ಸಮೇತ ಇಲ್ಲಿರು. ಆ ಕೊಳದಲ್ಲಿ ಮರ ತೇಲುತ್ತೆ, ಮನುಷ್ಯ ತೇಲಲ್ಲ."

"ಮೂರು ಸಲಾನೂ ತಪ್ಪಿದರೆ?"

"ನಾಲ್ಕನೇ ಸಲ ಇಲ್ಲ. ಇನ್ನೊಂದು ಮಾತು ಕೇಳಿಸ್ಕೋ. ಮಬ್ಬರಾಯನ ಬಲವೆಲ್ಲ ನಾಲಿಗೇಲಿದೆ. ಅವನು ಆಡಿದ್ದು ಆಗಲೇಬೇಕು. ಆಗದೇ ಹೋದರೆ ಅವನೇ ಉಳಿಯಲ್ಲ."

ಅಂದಿನಿಂದ ಓಬಯ್ಯ ದಿನಾ ಬೆಳಗ್ಗೆ ದೋಣಿಯನ್ನು ತೂಬಿಗೆ ಕಟ್ಟಿ ಕಾಯುತ್ತ ಕೂತ. ಮನೆಯಲ್ಲಿ ದೇವೀರಿಯ ಚಾಪೆ ಸುತ್ತಿ ಇಟ್ಟಿತ್ತು, ಅವನು ಅದನ್ನು ಬಿಚ್ಚಲಿಲ್ಲ. ಅವಳು ನೆಟ್ಟ ಹೀರೆಬಳ್ಳಿ ಚಪ್ಪರ ಹತ್ತಿ ಕಾಯಿ ಬಿಟ್ಟಿತು. ಎಳೆಯ ಕಾಯಿ ಅವಳಿಗೆ ಇಷ್ಟವೆಂದು ಕೀಳದೆ ಬಿಟ್ಟ. ಅವು ಬಲಿತು ಒಣಗಿದವು.

ಆರು ತಿಂಗಳು ಕಳೆದವು. ಒಂದು ಮುಂಜಾನೆ ದೇವೀರಿಯ ತಮ್ಮ ಚೆಲುವ ಏದುಸಿರು ಬಿಡುತ್ತ ಓಡಿ ಬಂದ.

"ಭಾವ, ದೋಣಿ ಬೇಕು! ನನ್ನ ಹೆಂಡತಿಗೆ ರಾತ್ರಿಯಿಂದ ಹೆರಿಗೆ ನೋವು. ಸೂಲಗಿತ್ತಿ ಆಚೆ ದಡದಲ್ಲಿದ್ದಾಳೆ."

ಓಬಯ್ಯ ತೂಬಿನ ಕಡೆ ನೋಡಿದ, ಮೈದುನನ ಮುಖ ನೋಡಿದ. ಒಂದು ಬೆಳಗ್ಗೆ ತಾನೇ, ಇವತ್ತೇ ತೆಗೆಯುತ್ತದೆಂದು ಎಲ್ಲಿದೆ ಎಂದುಕೊಂಡು ಹುಟ್ಟು ಕೊಟ್ಟ. "ತುಂಬ್ಕೊಂಡು ಬಾ."

"ತುಂಬ್ಕೊಂಡೇ ಬರ್ತೀನಿ ಭಾವ!"

ಚೆಲುವ ಕಾಲುವೆಯ ತಿರುವು ದಾಟಿ ಮರೆಯಾಗಿದ್ದನಷ್ಟೆ, ತೂಬಿನ ಬಾಗಿಲು ತೆರೆಯಿತು. ಬಾಗಿಲ ಬಳಿ ಬಂದ ಹಕ್ಕಿಗೆ ಮನುಷ್ಯ ರೂಪ ಮರಳುತ್ತಿತ್ತೋ ಏನೋ, ಮಂಜಿನ ಒಳಗಿನಿಂದ ದೇವೀರಿಯ ದನಿ ಬಂತು. "ಎಲ್ಲಯ್ಯಾ ದೋಣಿ? ಬಾರಯ್ಯಾ!"

ಓಬಯ್ಯ ನೀರಿಗೆ ಹಾರಿದ. ನೀರು ಅವನನ್ನು ಕಲ್ಲಿನ ಹಾಗೆ ಒಳಕ್ಕೆಳೆದುಕೊಂಡಿತು. ಆಮೆ ಅಡಿಯಿಂದ ಬಂದು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಗೆ ಹಾಕುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಅವನು ಒದ್ದೆ ಬಟ್ಟೆಯಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತ.

ಮಧ್ಯಾಹ್ನ ಚೆಲುವ ಕುಣಿಯುತ್ತ ಬಂದ. ದೋಣಿಯಲ್ಲಿ ಒಂದು ಗಡಿಗೆ ಮಜ್ಜಿಗೆಯೂ ಎರಡು ಅಚ್ಚು ಬೆಲ್ಲವೂ ಇದ್ದವು. "ಹೆಣ್ಣು ಮಗು ಭಾವ! ಅಕ್ಕನ ಮೂಗೇ ಬಂದಿದೆ!" ಎಂದ. ಓಬಯ್ಯ ಬಾಗಿಲು ತೆರೆದ ವಿಷಯ ಅವನಿಗೆ ಹೇಳಲಿಲ್ಲ. ಬೆಲ್ಲ ಬಾಯಿಗೆ ಹಾಕಿಕೊಂಡು, "ಒಳ್ಳೇದಾಯ್ತು ಕಣೋ," ಎಂದ.

ಮತ್ತೆ ಆರು ತಿಂಗಳು ಕಳೆದವು. ಈ ಸಲ ಬಂದವನು ಅವನ ಜೀವದ ಗೆಳೆಯ, ಕುಂಬಾರ ಸಂಕಣ್ಣ.

"ಕೇಳೋಕೆ ನಾಚಿಕೆ ಆಗುತ್ತೆ ಓಬಯ್ಯ. ಅವ್ವ ಇನ್ನೇನು ಹೋಗ್ತಾಳೆ. ಕಣ್ಣು ಮುಚ್ಚೋ ಮುಂಚೆ ತವರು ನೋಡ್ಬೇಕು ಅಂತಾಳೆ. ಇವತ್ತು ಬಿಟ್ಟರೆ ನಾಳೆ ಇರಲ್ಲ."

ಆ ಅವ್ವನ ಕೈತುತ್ತು ತಿಂದೇ ಓಬಯ್ಯ ಬೆಳೆದಿದ್ದ. ಈ ಸಲ ಅವನ ಕೈ ಹುಟ್ಟನ್ನು ಬಿಡಲು ಒಪ್ಪಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಕೊಟ್ಟ. "ತುಂಬ್ಕೊಂಡು ಬಾ," ಎಂದ.

ಹೌದು, ಅವತ್ತೇ ಬಾಗಿಲು ತೆರೆಯಿತು. ಅಂಥ ದಿನಗಳಿಗೆ ನಮ್ಮ ಮೇಲೆ ಏನು ಹಗೆಯೋ ಕಾಣೆ. ಈ ಸಲ ದನಿ ಬರಲಿಲ್ಲ. ಮಂಜಿನೊಳಗಿನಿಂದ ಒಂದು ಕೈ ಮಾತ್ರ ಕಂಡಿತು, ಹಸಿರು ಬಳೆಯ ಕೈ. ಅದು ಸ್ವಲ್ಪ ಹೊತ್ತು ಗಾಳಿಯಲ್ಲಿ ತಡಕಾಡಿ ಸೋತು ಇಳಿಯಿತು. ಬಾಗಿಲು ಮುಚ್ಚಿತು. ಆ ಕೈಯನ್ನು ಒಮ್ಮೆ ಮುಟ್ಟುವುದಕ್ಕಾಗಿ ಓಬಯ್ಯ ತನ್ನ ಉಳಿದ ಆಯುಸ್ಸನ್ನೆಲ್ಲ ಕೊಡುತ್ತಿದ್ದ, ಆದರೆ ಕೇಳುವವರು ಯಾರೂ ಅಲ್ಲಿರಲಿಲ್ಲ.

ಈ ಸಲ ಸುದ್ದಿ ಊರಿಗೆ ತಿಳಿಯಿತು. ದೇವೀರಿಯ ತಾಯಿ ಮಲ್ಲಾಜಮ್ಮ ಬಾಯಿಯಲ್ಲಿ ಬೆಂಕಿ ಉಗುಳುವವಳು. ಮನೆ ಮನೆಗೆ ಹೋಗಿ ಕೂಗಿದಳು. "ಇನ್ನು ಮೇಲೆ ನನ್ನ ಅಳಿಯನ ದೋಣಿ ಯಾರಾದ್ರೂ ಕೇಳಿದ್ರೆ ಹುಷಾರ್! ನನ್ನ ಮಗಳು ಮನೆಗೆ ಬರೋವರೆಗೂ ಎಲ್ಲಾ ಈಜ್ಕೊಂಡು ಹೋಗಿ!"

ಯಾರೂ ಕೇಳಲಿಲ್ಲ. ಜನ ಸುತ್ತು ದಾರಿ ಹಿಡಿದು ಕೆಸರಿನಲ್ಲಿ ನಡೆದರು. ಓಬಯ್ಯ ದೋಣಿಯಲ್ಲೇ ಉಂಡ, ದೋಣಿಯಲ್ಲೇ ಮಲಗಿದ. ಮೂರನೆಯ ಬೆಳಗಿಗಾಗಿ ಇನ್ನೊಂದು ವರ್ಷ ಕಾದ.

ಒಂದು ದಿನ ಹೊತ್ತು ಮೂಡುವಾಗ ಅತ್ತೆ ಮಲ್ಲಾಜಮ್ಮನೇ ಮೆಟ್ಟಿಲಿಳಿದು ಬಂದಳು.

"ಅಳಿಯಪ್ಪಾ, ದೋಣಿ ಕೊಡು. ಒಂದು ಗಳಿಗೆ ಹೋಗಿ ಬರಬೇಕು."

ಓಬಯ್ಯನಿಗೆ ಆಶ್ಚರ್ಯವಾಯಿತು. ಊರಿಗೆಲ್ಲ ಬೇಡವೆಂದವಳು ತಾನೇ ಕೇಳುತ್ತಾಳೆಯೇ? ಆದರೂ ಹಿರಿಯಳು, ಹೆಣ್ಣು ಕೊಟ್ಟವಳು. ಹುಟ್ಟು ಎತ್ತಿ ಅಭ್ಯಾಸಬಲದಿಂದ ಹೇಳಿದ. "ತುಂಬ್ಕೊಂಡು ಬನ್ನಿ ಅತ್ತೆಮ್ಮ."

"ಸರಿ ಸರಿ, ಬೇಗ ತಂದುಬಿಡ್ತೀನಿ," ಎಂದಳು ಅವಳು.

ಓಬಯ್ಯ ಎತ್ತಿದ ಹುಟ್ಟನ್ನು ಕೊಡದೆ ಹಾಗೇ ಹಿಡಿದುಕೊಂಡ. ಹೊನ್ನೇಮಡುವಿನಲ್ಲಿ ಹುಟ್ಟಿದವರು ನಿದ್ದೆಗಣ್ಣಿನಲ್ಲಿ ಕೇಳಿದರೂ ಆ ಉತ್ತರ ಕೊಡುವುದಿಲ್ಲ. ಯಾರಿಂದಲೂ ಏನನ್ನೂ ಕೇಳಿ ಪಡೆಯದೆ ಬರೀ ಕಿತ್ತುಕೊಂಡೇ ಬದುಕಿದವನು ಮಾತ್ರ ಹಾಗೆ ಹೇಳಬಲ್ಲ. ಎದುರಿಗಿದ್ದವನು ಮಬ್ಬರಾಯ. ಹಾಗಾದರೆ ಬಾಗಿಲು ತೆರೆಯುವುದು ಇವತ್ತೇ, ಇವನು ದೋಣಿ ಒಯ್ಯಲು ಬಂದಿರುವುದೂ ಅದಕ್ಕೇ.

ಹುಟ್ಟು ಕೊಡದೆ ಕೂತರೆ ದೋಣಿ ಉಳಿಯುತ್ತಿತ್ತು. ಆದರೆ ಈ ಸಲ ದನಿಯೂ ಬರದೆ, ಕೈಯೂ ಕಾಣದಿದ್ದರೆ, ಬಾಗಿಲಿನ ಒಳಗೆ ಹೋದ ಮೇಲೆ ನೂರು ಬೆಳ್ಳಕ್ಕಿಗಳ ನಡುವೆ ದೇವೀರಿ ಯಾರೆಂದು ಹುಡುಕುವುದು ಹೇಗೆ? ಬಾಗಿಲು ತೆರೆದಿರುವುದು ಎಷ್ಟು ಹೊತ್ತು? ಎರಡು ವರ್ಷದಿಂದ ಇದೊಂದೇ ಲೆಕ್ಕ ಅವನ ತಲೆಯಲ್ಲಿ ಸುತ್ತುತ್ತಿತ್ತು. ಈಗ ಆಮೆಯ ಎರಡನೆಯ ಮಾತು, ಮಬ್ಬರಾಯ ಆಡಿದ್ದು ಆಗಲೇಬೇಕೆಂಬುದು, ನೆನಪಾಯಿತು.

"ಮಾತು ಹೇಳಿ ಅತ್ತೆಮ್ಮ, ಆಮೇಲೆ ದೋಣಿ," ಎಂದ. "ತುಂಬ್ಕೊಂಡೇ ಬರ್ತೀನಿ ಅನ್ನಬೇಕು. ಮನೇದನ್ನ ತುಂಬ್ಕೊಂಡು ಬರಬೇಕು. ನಮ್ಮ ಪದ್ಧತಿ ನಿಮಗೆ ಗೊತ್ತಿಲ್ವೇ?"

ಹೊತ್ತು ಏರುತ್ತಿತ್ತು. ಮಬ್ಬರಾಯನಿಗೆ ಅವಸರ. ಹಳ್ಳಿಯವರ ಒಣ ಮಾತು, ಆಡಿದರೇನು ಹೋಗುತ್ತದೆ ಎಂದುಕೊಂಡ. "ಆಯ್ತಪ್ಪ, ನನ್ನ ಮನೇದನ್ನೇ ತುಂಬ್ಕೊಂಡು ಬರ್ತೀನಿ," ಎಂದು ಹುಟ್ಟು ಕಿತ್ತುಕೊಂಡು, ಮುಚ್ಚಿದ ಬಾಗಿಲಿನೊಳಗಿಂದಲೇ ದೋಣಿ ಸಮೇತ ಹೊಗೆಯಂತೆ ತೂರಿಹೋದ.

ಓಬಯ್ಯ ಬರಿಗೈಯಲ್ಲಿ ಕೂತ. ಅಷ್ಟರಲ್ಲಿ ನಿಜವಾದ ಮಲ್ಲಾಜಮ್ಮ ಬುತ್ತಿ ಹಿಡಿದು ಬಂದಳು.

"ದೋಣಿ ಎಲ್ಲಪ್ಪಾ?"

"ನಿಮಗೇ ಕೊಟ್ಟೆ ಅತ್ತೆಮ್ಮ."

ಆಕೆ ಬುತ್ತಿ ಕೆಳಗಿಟ್ಟು ತಲೆ ತಲೆ ಚಚ್ಚಿಕೊಂಡಳು. ಅವಳು ಬಯ್ಯಲು ಬಾಯಿ ತೆರೆದದ್ದೂ ತೂಬಿನ ಬಾಗಿಲು ತೆರೆದದ್ದೂ ಒಟ್ಟಿಗೇ ಆಯಿತು.

ಒಳಗಿನಿಂದ ಧಡ್ ಧಡ್ ಎಂದು ಸದ್ದು ಬಂತು. ಮಬ್ಬರಾಯ ಚಿನ್ನದ ಕೊಪ್ಪರಿಗೆಗಳನ್ನು ದೋಣಿಗೆ ಹಾಕುತ್ತಿದ್ದ. ಅದು ಅರಸನ ಬೊಕ್ಕಸದಿಂದ ಕದ್ದ ಚಿನ್ನ, ಅವನ ಮನೆಯದಲ್ಲ. ದೋಣಿ ಮಗುಚಿ ಅದನ್ನೆಲ್ಲ ನೀರಿಗೆ ಸುರಿಯಿತು. ಕಂಬ, ಕದ, ತೊಲೆಗಳನ್ನು ಕಿತ್ತು ಹಾಕಿದ. ಅವೆಲ್ಲ ಅವನೇ ಮಂಜಿನಿಂದ ಮಾಡಿದ್ದು, ದೋಣಿಗೆ ಬಿದ್ದೊಡನೆ ಕರಗಿಹೋದವು. ಆಡಿದ ಮಾತು ಅವನ ನಾಲಿಗೆಯನ್ನು ಒಳಗಿನಿಂದ ಸುಡುತ್ತಿತ್ತು. ಬಾಗಿಲು ಮುಚ್ಚಿಕೊಳ್ಳತೊಡಗಿತು.

"ಅಯ್ಯೋ, ಮುಚ್ಚುತ್ತಾ ಇದೆ ಕಣಪ್ಪೋ!" ಎಂದಳು ಮಲ್ಲಾಜಮ್ಮ.

ಎರಡು ವರ್ಷ ಕಾದ ಓಬಯ್ಯನಿಗೆ ಆ ಒಂದು ಗಳಿಗೆಯೇ ಎಲ್ಲಕ್ಕಿಂತ ಉದ್ದವಾಗಿತ್ತು. ಮೂರು ಗೇಣು ಉಳಿಯಿತು, ಎರಡು ಗೇಣು ಉಳಿಯಿತು. ಆಗ ಆ ಸಂದಿನಲ್ಲಿ ದೋಣಿಯ ಮೂತಿ ಬಂದು ಸಿಕ್ಕಿಕೊಂಡು, ಕದವನ್ನು ಹಿಂದಕ್ಕೆ ತಳ್ಳಿತು.

ಮಬ್ಬರಾಯನ ಮನೆಯಲ್ಲಿ ನಿಜವಾಗಿ ಇದ್ದದ್ದು, ಕದ್ದು ತಂದವರಾದರೂ ಆ ಮನೆಯಲ್ಲೇ ವಾಸವಿದ್ದು ಮನೆಯವರಾದವರು ಮಾತ್ರ. ಬೇರೆ ದಾರಿ ಕಾಣದೆ ಅವನು ಒಂದೊಂದೇ ಬೆಳ್ಳಕ್ಕಿಯನ್ನು ಎತ್ತಿ ದೋಣಿಗಿಟ್ಟಿದ್ದ. ಬಾಗಿಲು ದಾಟುತ್ತಿದ್ದಂತೆ ರೆಕ್ಕೆಗಳು ತೋಳುಗಳಾದವು. ಕಳೆದುಹೋದ ತಂದೆಯರು, ತಾಯಂದಿರು, ಹತ್ತೂರಿನ ಮಕ್ಕಳು ಒಬ್ಬರ ಮಡಿಲಲ್ಲೊಬ್ಬರು ತುಂಬಿಕೊಂಡು ಬಂದರು. ಎಷ್ಟು ಜನ ಹತ್ತಿದರೂ ದೋಣಿಯಲ್ಲಿ ಜಾಗವಿತ್ತು. ಕಡೆಯವರು ಮೆಟ್ಟಿಲಿಗೆ ಕಾಲಿಟ್ಟಾಗ ಮಂಜು ಹರಿಯಿತು, ವಾಸಕ್ಕೆ ಯಾರೂ ಉಳಿಯದ ಕೊಳದ ನಡುವಿನ ಮನೆ ಇಲ್ಲವಾಯಿತು. ಮಬ್ಬರಾಯ ಒಬ್ಬ ಸಣ್ಣ ಮುದುಕನಾಗಿ ಹುಟ್ಟು ಹಿಡಿದು ನಿಂತಿದ್ದ.

"ವೇಷ ಹಾಕೋಕೆ ನಿನಗೆ ನನ್ನ ಮುಖವೇ ಬೇಕಾಗಿತ್ತೇನೋ, ಮನೆಹಾಳ!" ಎಂದು ಮಲ್ಲಾಜಮ್ಮ ಅವನ ಮೇಲೆ ಬಿದ್ದಳು. ಬಯ್ದು ಬಯ್ದು ಸಾಕಾದ ಮೇಲೆ, ಅವನು ಎಷ್ಟು ಬಡಕಲಾಗಿದ್ದಾನೆಂದು ಕಣ್ಣಿಗೆ ಬಿತ್ತು. ಬುತ್ತಿ ಬಿಚ್ಚಿ ಮುದ್ದೆ ಮುರಿದು ಅವನ ಮುಂದಿಟ್ಟಳು. ಆಮೇಲೆ ಅವನು ಹೊನ್ನೇಮಡುವಿನಲ್ಲೇ ಉಳಿದು, ಗದ್ದೆಗಳಿಗೆ ನೀರು ಬಿಡುವ ಕೆಲಸ ಮಾಡಿದ.

ದೇವೀರಿ ಎಲ್ಲರಿಗಿಂತ ಹಿಂದೆ ಇಳಿದಿದ್ದಳು. ಓಬಯ್ಯ ಅವಳ ಕೈ ಮುಟ್ಟಿದ. ಬಳೆಗಳ ಮೇಲೆ ಬೆರಳಾಡಿಸಿದ.

"ಎರಡು ಸಲ ಬಾಗಿಲು ತೆಗೀತು. ಎರಡು ಸಲಾನೂ ದೋಣಿ ಇರಲಿಲ್ಲ," ಎಂದಳು ದೇವೀರಿ. "ಈ ಮನುಷ್ಯನಿಗೆ ನಾನು ಮರೆತೇ ಹೋದೆ ಅಂದ್ಕೊಂಡೆ. ಎಷ್ಟು ಅತ್ತಿದ್ದೀನಿ ಗೊತ್ತೇನಯ್ಯಾ? ಯಾರಿಗೆ ಕೊಟ್ಟಿದ್ದೆ?"

ಅವನು ಹೇಳಿದ. ಮೈದುನನ ಹೆಂಡತಿಯ ಹೆರಿಗೆ, ಅಕ್ಕನ ಮೂಗಿನ ಮಗು. ಸಂಕಣ್ಣನ ಅವ್ವ ತವರಿನ ಹಜಾರದಲ್ಲಿ ತನ್ನ ಅಣ್ಣನ ತೊಡೆಯ ಮೇಲೆ ಕಣ್ಣು ಮುಚ್ಚಿದ್ದು. ಕೇಳುತ್ತಿದ್ದ ದೇವೀರಿಯ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು.

"ಕೊಡದೇ ಇದ್ದಿದ್ರೆ ಬಂದ ಮೇಲೆ ನಾನೇ ನಿನ್ನ ಬಯ್ತಿದ್ದೆ," ಎಂದಳು ಕಡೆಗೆ. "ಆದ್ರೂ ಎರಡು ವರ್ಷ ಕಣಯ್ಯಾ."

"ಹೂಂ. ಎರಡು ವರ್ಷ," ಎಂದ ಓಬಯ್ಯ. ಹೋದ ದಿನಗಳನ್ನು ಯಾವ ಮಾಂತ್ರಿಕನೂ ದೋಣಿಗೆ ತುಂಬಿ ತರಲಾರನೆಂದು ಇಬ್ಬರಿಗೂ ಗೊತ್ತಿತ್ತು.

ಹತ್ತೂರಿನವರು ತಮ್ಮ ತಮ್ಮ ಮನೆ ಸೇರಿದರು. ಮನೆ ಮನೆಯಲ್ಲಿ ಪಾಯಸ ಕುದಿಯಿತು. ಅರಸ ಏಳು ದಿನ ರಾಜ್ಯದ ದೀಪಗಳನ್ನೆಲ್ಲ ಬೆಳಗಿಸಿದ. ಅಂದಿನಿಂದ ಆ ಕಾಲುವೆಗಳ ಮೇಲೆ ಮಂಜು ಬಿದ್ದರೂ ಯಾರೂ ಬೆಚ್ಚಲಿಲ್ಲ. ಜನ ಸುಖವಾಗಿದ್ದರು, ಅವರ ಮಕ್ಕಳೂ ಸುಖವಾಗಿದ್ದರು.

ದೇವೀರಿ ಬಂದ ಮರುದಿನ ಬೆಳಗ್ಗೆಯೇ ಚೆಲುವ ಮತ್ತೆ ಬಾಗಿಲಿಗೆ ಬಂದಿದ್ದ. "ಭಾವ, ಮಾವನ ಮನೆಗೆ ಹೋಗಿ ಬರಬೇಕಿತ್ತು, ದೋಣಿ..." ಎಂದು ತಲೆ ಕೆರೆದುಕೊಂಡ.

ಓಬಯ್ಯ ಹುಟ್ಟಿಗೆ ಕೈ ಹಾಕುವ ಮುಂಚೆ ದೇವೀರಿ ಅದನ್ನು ಎತ್ತಿಕೊಂಡಳು. "ನಾಳೆ ಬಾರೋ ಚೆಲುವಾ. ಇವತ್ತು ದೋಣಿ ನಮಗೆ ಬೇಕು."

"ಎಲ್ಲಿಗೆ ಹೋಗ್ತೀರಾ ಅಕ್ಕ?"

"ಎಲ್ಲಿಗೂ ಇಲ್ಲ," ಎಂದಳು ದೇವೀರಿ. ಗಂಡನನ್ನು ಎದುರಿಗೆ ಕೂರಿಸಿಕೊಂಡು, ಸಂಜೆಯವರೆಗೂ ಆ ಕಾಲುವೆಯಲ್ಲಿ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ದೋಣಿ ನಡೆಸುತ್ತಲೇ ಇದ್ದಳು.