ಅಂಟು ಆರುವುದರೊಳಗೆ

"ಫಟ್!"

ಗಿಟಾರಿನ ಕುತ್ತಿಗೆ ಮುರಿದ ಸದ್ದು ಅದು. ಮುರಿದದ್ದು ಹುಸೇನಸಾಬನ ತಲೆಯ ಮೇಲೆ!

ಬಿಸಿ ಅಂಟಿನ ಪಾತ್ರೆ ಹಿಡಿದು ಹಿತ್ತಲಿನಿಂದ ಬಂದ ಮುಮ್ತಾಜಬೇಗಂ ಬಾಗಿಲಲ್ಲೇ ನಿಂತುಬಿಟ್ಟಳು. ಅಣ್ಣ ಕಟ್ಟಿಗೆಯ ಹೊಟ್ಟಿನ ಮೇಲೆ ಬೋರಲು ಬಿದ್ದಿದ್ದಾನೆ. ಹಣೆಯಿಂದ ರಕ್ತ... ಅವನ ಪಕ್ಕದಲ್ಲಿ ಮುರಿದ ಗಿಟಾರು ಹಿಡಿದು ನಿಂತಿದ್ದಾನೆ ಒಬ್ಬ ಅಪರಿಚಿತ.

"ಅಯ್ಯೋ, ನಮ್ಮಣ್ಣನ್ನ ಕೊಂದಬಿಟ್ಟೇನೋ ಪಾಪಿ!"

ಪಾತ್ರೆಯಲ್ಲಿದ್ದ ಕುದಿಯುವ ಅಂಟನ್ನು ಅವನ ಮೇಲೆ ಎರಚಿಯೇ ಬಿಟ್ಟಳು! ಮುಖಕ್ಕೆ ಅಡ್ಡ ಹಿಡಿದ ಬಲಗೈ ಮೊಣಕೈವರೆಗೆ ಬೆಂದುಹೋಯಿತು. ಅವನು ಹಲ್ಲು ಕಚ್ಚಿ ಗಿಟಾರು ಕೆಳಗಿಟ್ಟ.

ಮೊದಲ ಭೇಟಿಯೇ ಹೀಗಾದರೆ ಮುಂದೇನು ಗತಿ ಎಂದು ನಗುತ್ತೀರಾ? ನಗಬೇಡಿ. ಈ ಕಥೆಯಲ್ಲಿ ಇನ್ನೂ ರಕ್ತ ಇದೆ.

ಮುಮ್ತಾಜ ನೋಡದೇ ಹೋದದ್ದು ಒಂದಿತ್ತು. ಅವಳ ತಂದೆ ರಾಜೇಸಾಬ ಸವಣೂರಿನ ಬಡಗಿ. ಕಿವಿ ಮಂದ. ಮೊದಲ ಹೆಂಡತಿಯನ್ನು ಹೊಡೆದು ಓಡಿಸಿದ್ದ ಬಂಕಾಪುರದ ಗೆಳೆಯನಿಗೆ ತಂಗಿಯನ್ನು ಕೊಡಬೇಕೆಂದು ಹುಸೇನಸಾಬನ ಹಟ. ಒಲ್ಲೆ ಎಂದ ತಂದೆ ಬಗ್ಗಿ ಹಲಗೆ ಹೆರೆಯುತ್ತಿದ್ದಾಗ, ಆ ಮಗ ಹಿಂದಿನಿಂದ ಅವನ ತಲೆಗೆ ಕಟ್ಟಿಗೆ ಕೆತ್ತುವ ಬಾಚಿಯನ್ನು ಎತ್ತಿದ್ದ! ಹತ್ತಿಮತ್ತೂರಿನಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯಲ್ಲಿ ಗಿಟಾರು ನುಡಿಸುವ ಬಾಬಾಜಾನ, ಅದರ ತಂತಿ ಬಿಗಿಯುವ ಬಿರಡೆ ಸರಿ ಮಾಡಿಸಲು ಬಂದವನು, ಕೈಯಲ್ಲಿದ್ದದ್ದನ್ನೇ ಬೀಸಿದ.

ರಾಜೇಸಾಬ ಅವನನ್ನು ಬಾವಿಯ ಹತ್ತಿರ ಕರೆದೊಯ್ದು, ಸುಟ್ಟ ಕೈಗೆ ತಣ್ಣೀರು ಹೊಯ್ಯುತ್ತ ಅತ್ತುಬಿಟ್ಟ.

"ಆಕಿಗೆ ಇದನ್ನ ಹೇಳಬ್ಯಾಡಪ್ಪಾ. ಅಣ್ಣ ಅಂದ್ರ ಆಕಿಗೆ ಜೀವ. ಅವಂಗ ನಾನ ಬುದ್ಧಿ ಹೇಳ್ತೇನಿ. ನಿನ್ನ ಗಿಟಾರಿಗೆ ಹೊಸಾ ಕುತಗಿ ಮಾಡಿಕೊಡ್ತೇನಿ."

"ನನ್ನ ಬಾಯಿಂದ ಹೊರಗ ಬರೂದಿಲ್ರಿ, ಚಾಚಾ."

ಈ ಮಾತೇ ಅವನಿಗೆ ಮುಳುವಾಯಿತು.

ಹೊಸ ಕುತ್ತಿಗೆಗೆ ರಾಜೇಸಾಬ ಮೂರು ಪಟ್ಟಿ ಕೊಯ್ದ. ಎರಡು ಸಾಗವಾನಿ, ನಡುವೆ ಒಂದು ಬೀಟೆ.

"ಒಂದ ಕಟ್ಟಿಗಿ ಆದ್ರ ತಂತಿ ಎಳದಂಗ ಬಾಗತೈತಿ. ಮೂರು ಕೂಡಿಸಿ, ನಡುವಿಂದನ್ನ ಉಲ್ಟಾ ಇಡಬೇಕು. ಒಂದು ಬಾಗಾಕ ಹ್ವಾದ್ರ ಇನ್ನೊಂದು ಬಿಡೂದಿಲ್ಲ," ಎಂದು ಮಗಳಿಗೆ ಹೇಳಿದ.

ಅಂಟು ಹಚ್ಚುವ ಕೆಲಸ ಎಂದಿನಂತೆ ಮುಮ್ತಾಜಳದು. ತೊಗಲು ಕುದಿಸಿ ಮಾಡಿದ ಆ ಅಂಟನ್ನು ಬಿಸಿ ಇರುವಾಗಲೇ ಹಚ್ಚಿ, ಆಗಿಂದಾಗಲೇ ಹಗ್ಗ ಬಿಗಿಯಬೇಕು. ಆರಿದ ಅಂಟು ನೋಡಲಿಕ್ಕೆ ಹಿಡಿದಂತೆಯೇ ಕಾಣುತ್ತದೆ, ತಂತಿ ಜಗ್ಗಿದರೆ ಕೈಬಿಡುತ್ತದೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

'ನಮ್ಮಣ್ಣನ ತಲಿ ಒಡದಾವಂಗ ಗಟ್ಟಿ ಕುತಗಿ ಬೇಕಾ? ತಗೋ!'

ಅಂಟಿನ ಮೇಲೆ ಕೆನೆ ಕಟ್ಟುವವರೆಗೂ ಕಾದಳು. ಆಮೇಲೆ ಹಚ್ಚಿದಳು. ನಡುವಿನ ಪಟ್ಟಿಯನ್ನೂ ಉಲ್ಟಾ ಮಾಡಲಿಲ್ಲ. ತಂದೆಗೆ ಒಂದಿಷ್ಟೂ ಗೊತ್ತಾಗಲಿಲ್ಲ.

ಗಿಟಾರು ಒಯ್ಯಲು ಬಾಬಾಜಾನ ಬಂದ. ಕೈಗೆ ಬಟ್ಟೆ ಸುತ್ತಿತ್ತು. ಕೇಳಬಾರದೆಂದುಕೊಂಡರೂ ಅವಳ ಬಾಯಿ ಸುಮ್ಮನಿರಲಿಲ್ಲ.

"ಕೈ... ಭಾಳ ಉರೀತೈತೇನ್ರಿ?"

"ನೀವು ಕೇಳಿದ್ರಲ್ಲ, ಅರ್ಧಾ ಕಡಿಮಿ ಆತ್ರಿ."

'ಥೂ! ಸುಟ್ಟಾಕಿನ್ನ ನೋಡಿ ಹಿಂಗ್ಯಾಕ ನಗ್ತಾನ ಇವ?' ಒಯ್ಯಬೇಡಿ ಎನ್ನಬೇಕೆನಿಸಿತು... ಅಣ್ಣನ ಹಣೆಯ ಗಾಯ ನೆನಪಾಯಿತು. ಗಿಟಾರನ್ನು ಅವನ ಕೈಗೆ ಕೊಟ್ಟುಬಿಟ್ಟಳು. ಅವನು ಹೋದ ಮೇಲೆ ಮಾತ್ರ ಅವಳಿಗೆ ಊಟ ಸೇರಲಿಲ್ಲ.

ಗಾಯ ಮಾಗುತ್ತಲೇ ಹುಸೇನಸಾಬ ಮತ್ತೆ ಎದ್ದ. ಒಂದು ಮುಂಜಾನೆ ತಂಗಿಯ ಜಡೆ ಹಿಡಿದು ಅಂಗಳಕ್ಕೆ ಎಳೆದ.

"ನಡೀ ಬಂಕಾಪುರಕ್ಕ! ಇವತ್ತ ನಿಕಾ!"

"ಅಣ್ಣಾ, ಬಿಡೋ... ನೋಯ್ತೈತೋ!"

ಕೆನ್ನೆಗೆ ಹೊಡೆದ ಹೊಡೆತಕ್ಕೆ ಅವಳ ಬಾಯಿಯಲ್ಲಿ ರಕ್ತ ಬಂತು. ಬಿಡಿಸಲು ಬಂದ ಮುದುಕನನ್ನು ಒದ್ದು ಕೆಡವಿ, ಬಾಚಿ ಎತ್ತಿದ. ಮುಮ್ತಾಜ ಹಾರಿ ಅವನ ಮುಂಗೈ ಕಚ್ಚಿದಳು. ಬಾಚಿ ಕೆಳಗೆ ಬಿತ್ತು.

"ಅವತ್ತೂ ಹಿಂಗ ಎತ್ತಿದ್ದ, ಮಗಳ!" ಬಿದ್ದಲ್ಲಿಂದಲೇ ರಾಜೇಸಾಬ ಕೂಗಿದ. "ಆ ಹುಡುಗ ಹೊಡೀದಿದ್ರ ನಾನು ಉಳೀತಿದ್ದಿಲ್ಲ. ಓಡು!"

ಮುಮ್ತಾಜ ಅಂಗಳ ದಾಟಿ ಓಡಿದಳು. ಯಾ ಅಲ್ಲಾ... ಕಾಪಾಡಿದವನನ್ನೇ ಸುಟ್ಟೆನಲ್ಲ! ಆ ಕುತ್ತಿಗೆ! ಅದು ಅವನ ಮುಖದ ಮೇಲೆಯೇ ಸಿಡಿದರೆ?

ಬೀದಿಯಲ್ಲಿ ಸಿಕ್ಕ ಟಾಂಗಾ ಹತ್ತಿದಳು. "ಹತ್ತಿಮತ್ತೂರಿಗೆ ಹೊಡೀರಿ, ಲಗೂನ!"

ಡೇರೆಯಲ್ಲಿ ತಾಲೀಮು ನಡೆದಿತ್ತು. "ಶ್ರುತಿ ಇಳದೈತಿ, ಏರಸ್ರಿ," ಎಂದು ಕಂಪನಿಯ ಮಾಸ್ತರು ಗದರಿದರು. ಬಾಬಾಜಾನ ಹಿಂದೆ ಮುಂದೆ ನೋಡಿ ಬಿರಡೆಗೆ ಕೈ ಹಾಕಿದ.

"ಬಿಗೀಬ್ಯಾಡ್ರಿ!" ಡೇರೆಯೊಳಗೆ ಓಡಿ ಬಂದ ಮುಮ್ತಾಜ ಕೂಗಿದಳು.

ತಡವಾಗಿತ್ತು. ಪಟ್ಟಿಗಳು ಸೀಳಿ ಬಾಯಿ ತೆರೆದವು. ಸಿಡಿದ ತಂತಿ ಅವನ ಹುಬ್ಬಿನಿಂದ ಕೆನ್ನೆಯವರೆಗೆ ಕೊಯ್ದುಹಾಕಿತು.

ಮುಮ್ತಾಜ ತನ್ನ ಸೆರಗನ್ನೇ ಗಾಯಕ್ಕೆ ಒತ್ತಿದಳು. "ನಾನ ರೀ... ಬೇಕಂತ ಆರಿದ ಅಂಟು ಹಚ್ಚಿದೆ. ನನಗೂ ಹೊಡೀರಿ! ಕೊಲ್ರಿ!"

"ಗೊತ್ತಿತ್ರಿ."

"ಏನು?"

"ಒಯ್ದ ಮರುದಿನನ ಬಿರುಕು ಕಾಣಿಸ್ತು. ವಾಪಸ್ ತಂದ್ರ ಚಾಚಾ ನಿಮಗ ಬೈತಾರಂತ, ತಂತಿ ಸಡಲ ಬಿಟ್ಟು ನುಡಿಸಾಕತ್ತಿದ್ದೆ."

"ಹುಚ್ಚ ಏನ್ರಿ ನೀವು!" ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಆಗಲೇ ಡೇರೆಯ ಪರದೆ ಹರಿಯಿತು. ಸೈಕಲ್ ಮೇಲೆ ಬೆನ್ನಟ್ಟಿ ಬಂದಿದ್ದ ಹುಸೇನಸಾಬ, ಬಾಚಿ ಹಿಡಿದು ಸೀದಾ ಬಾಬಾಜಾನನ ಮೇಲೆ ನುಗ್ಗಿದ. ಹುಬ್ಬಿನ ಗಾಯದ ರಕ್ತ ಕಣ್ಣಿಗೆ ಇಳಿದಿದ್ದ ಬಾಬಾಜಾನನಿಗೆ ಏನೂ ಕಾಣುತ್ತಿರಲಿಲ್ಲ. ಮುಮ್ತಾಜ ಗಿಟಾರಿನಿಂದ ಕಿತ್ತು ನೆಲದ ಮೇಲೆ ಬಿದ್ದಿದ್ದ ಬೀಟೆಯ ಪಟ್ಟಿ ಎತ್ತಿಕೊಂಡಳು. ಅಣ್ಣನ ಮಣಿಕಟ್ಟಿಗೆ ಬೀಸಿದಳು. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

"ಇನ್ನೊಂದು ಹೆಜ್ಜಿ ಇಟ್ಟಿ ಅಂದ್ರ ಮುಂದಿಂದು ತಲೀಗೆ ಬೀಳತೈತಿ, ಅಣ್ಣಾ!"

ಹಾಗೆ ಹೇಳುವಾಗ ಕಣ್ಣಲ್ಲಿ ನೀರು ಧಾರಾಕಾರ. ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದ ಕೈ ಅದು. ಆದರೂ ಅವಳು ಪಟ್ಟಿ ಕೆಳಗಿಡಲಿಲ್ಲ. ಕಂಪನಿಯವರು ಡೇರೆಯ ಹಗ್ಗದಿಂದಲೇ ಅವನನ್ನು ಕಟ್ಟಿ ಊರಿನ ಪೊಲೀಸ್ ಪಾಟೀಲರಿಗೆ ಒಪ್ಪಿಸಿದರು.

ಮುಖದ ಗಾಯ ಒಣಗಿದ ಮೇಲೆ ಬಾಬಾಜಾನ ಸವಣೂರಿಗೆ ಬಂದ. ರಾಜೇಸಾಬ ಮೂರು ಪಟ್ಟಿ ಕೊಯ್ದಿಟ್ಟು, "ಚಾ ಕುಡದು ಬರ್ತೇನಿ," ಎಂದು ಎದ್ದ. ಚಹಾ ಮನೆಯಲ್ಲೇ ಇತ್ತು! ಕಿವಿ ಮಂದವಾದರೂ ಮುದುಕನ ಕಣ್ಣು ಚುರುಕು.

ಒಲೆಯ ಮೇಲೆ ಅಂಟು ಕುದಿಯುತ್ತಿತ್ತು. ಪಾತ್ರೆ ಇಳಿಸುವಾಗ ಅವಳಿಗೆ ಅವನ ಕೈಯ ಕಲೆ ಕಂಡಿತು. ಕಣ್ಣು ತುಂಬಿತು.

"ಹೆದರಿಕಿ ಆಗೂದಿಲ್ಲೇನ್ರಿ, ನನ್ನ ಕೈಯಾಗ ಬಿಸಿ ಅಂಟು ನೋಡಿ?"

"ಆಗತೈತ್ರಿ. ಆದ್ರ ಆರಿದ್ದಕ್ಕಿಂತ ಬಿಸೀದ ಚೊಲೋ."

ಅವಳು ನಕ್ಕಳು. ನಡುವಿನ ಪಟ್ಟಿಯನ್ನು ಉಲ್ಟಾ ಮಾಡಿ ಇಟ್ಟಳು.

"ಮುಮ್ತಾಜ... ನಿಮಗ ಒಂದು ಮಾತು ಕೇಳಬೇಕಾಗೇತ್ರಿ. ಅದೇನಂದ್ರ... ಹೆಂಗ ಕೇಳೂದೋ ತಿಳೀವಲ್ದು..."

ಅಂಟು ಹಚ್ಚಿಯಾಗಿತ್ತು. ಮೂರೂ ಪಟ್ಟಿ ಜೋಡಿಸಿ, ಹಗ್ಗದ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು.

"ಲಗೂ ಕೇಳ್ರಿ. ಅಂಟು ಆರಾಕತ್ತೈತಿ."

"ನನ್ನ ಮದವಿ ಆಗ್ತೀರೇನ್ರಿ?"

"ಹೂಂ ರೀ," ಎಂದಳು ಮುಮ್ತಾಜ. "ಇನ್ನ ಜಗ್ಗ್ರಿ, ಗಟ್ಟಿ ಜಗ್ಗ್ರಿ!"