ಗಟ್ಟಿಯಾದ ಬ್ರೇಕಿನ ಪ್ರಕರಣ

ದಫೇದಾರರು ಠಾಣೆಯ ಕಿಟಕಿಯ ಬಳಿ ಬನಿಯನ್ನಿನಲ್ಲಿ ಕೂತು ಸಮವಸ್ತ್ರದ ಗುಂಡಿ ಹೊಲಿಯುತ್ತಿದ್ದರು. ಸೂಜಿ ಎರಡನೇ ತೂತಿಗೆ ಇಳಿಯುವಷ್ಟರಲ್ಲಿ, ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಬಲಗೈಯನ್ನು ಕೊರಳಿಗೆ ಕಟ್ಟಿಕೊಂಡು ಒಬ್ಬ ಒಳಗೆ ಬಂದ. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವುದು ಅವನ ಕೆಲಸ.

"ನನ್ನ ಬೈಕಿಗೆ ಯಾರೋ ಕೈ ಹಾಕಿದಾರೆ ಸಾರ್. ಎರಡು ದಿನ ಬೆಳಿಗ್ಗೆ ನೋಡಿದ್ರೆ ಮುಂದಿನ ಬ್ರೇಕ್ ಲಿವರನ್ನ ಹ್ಯಾಂಡಲ್‌ಗೆ ಸೇರಿಸಿ ಬಟ್ಟೇಲಿ ಬಿಗಿದಿದ್ರು. ಬಿಚ್ಕೊಂಡು ಹೋದೆ. ಎರಡನೇ ದಿನ ಬಿದ್ದೆ."

"ಬ್ರೇಕ್ ಹಿಡೀಲಿಲ್ವಾ?"

"ಹಿಡೀತು. ಅದೇ ತೊಂದ್ರೆ."

ದಫೇದಾರರಿಗೆ ತಲೆಬುಡ ತಿಳಿಯಲಿಲ್ಲ. ಲಿವರ್‌ನಿಂದ ಬಿಚ್ಚಿ ಅವನು ತಂದಿದ್ದ, ಹೂವಿನ ಚಿತ್ರವಿದ್ದ ಬಟ್ಟೆಯ ಪಟ್ಟಿಯನ್ನು ಲಕೋಟೆಗೆ ಹಾಕಿಕೊಂಡರು.

"ಯಾರ ಮೇಲೆ ಅನುಮಾನ?"

"ಕೆಳಮನೆ ಶಾಲಾ ವ್ಯಾನ್ ಡ್ರೈವರ್. ಮೆಟ್ಟಿಲ ಕೆಳಗೆ ಗಾಡಿ ನಿಲ್ಲಿಸಿದ್ರೆ ನೋಡ್ಕೋತೀನಿ ಅಂದಿದ್ದ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದ ಹೊತ್ತಿಗೆ ಡ್ರೈವರ್ ಠಾಣೆಯ ಬೆಂಚಿನ ಮೇಲಿದ್ದ.

"ಅಂದಿದ್ದು ನಿಜ ಸಾರ್. ಅವತ್ತಿಂದ ನೋಡ್ತಾನೇ ಇದೀನಿ, ಇನ್ನೇನೂ ಮಾಡಿಲ್ಲ," ಎಂದ. ನಗಲು ಹೋಗಿ ಅವನ ಮುಖ ಕಿವುಚಿಕೊಂಡಿತು. "ಕೇಸ್ ಇದ್ರೆ ನಾಳೆಯಿಂದ ವ್ಯಾನ್ ಮುಟ್ಟಬೇಡ ಅಂದಿದಾರೆ ಶಾಲೆಯವರು."

ಠಾಣೆಯ ಅಂಗಳದಲ್ಲಿ ಬೈಕಿನ ಪಂಚನಾಮೆ ಶುರುವಾಯಿತು. ಇನ್ಸ್‌ಪೆಕ್ಟರ್ ಕರೆಸಿದ ಮೆಕ್ಯಾನಿಕ್ ಲಿವರ್ ಒತ್ತಿದ, ಬಿಟ್ಟ, ಮತ್ತೆ ಒತ್ತಿದ.

"ಇದನ್ನ ಕೆಡಿಸಿಲ್ಲ ಸಾರ್. ರಿಪೇರಿ ಮಾಡಿದಾರೆ."

"ಏನಂದೆ?"

"ಹಳೇ ಬ್ರೇಕ್ ಎಣ್ಣೆ ತೆಗೆದು ಹೊಸದು ಹಾಕಿದಾರೆ. ಕೊಳವೇಲಿ ಗಾಳಿ ಸೇರಿದ್ರೆ ಲಿವರ್ ಸ್ಪಂಜ್ ಹಿಂಡಿದ ಹಾಗಿರುತ್ತೆ. ರಾತ್ರಿ ಲಿವರ್ ಬಿಗಿದಿಟ್ರೆ ಉಳಿದ ಗುಳ್ಳೆ ಮೇಲೇರುತ್ತೆ. ಅದಕ್ಕೇ ಬಟ್ಟೆ. ಇವರು ಅಭ್ಯಾಸ ಬಲದಿಂದ ಮುಷ್ಟಿ ಪೂರ್ತಿ ಹಿಡಿದಿರಬೇಕು. ಚಕ್ರ ನಿಂತುಬಿಟ್ಟಿದೆ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. "ಏನಂತ ಬರೀಲಿ? ಆರೋಪಿಯು ವಾಹನವನ್ನು ಸುಸ್ಥಿತಿಗೆ ತಂದಿದ್ದಾನೆ ಅಂತಲಾ?"

ಹಗೆಯವನಿಗೆ ಬ್ರೇಕ್ ರಿಪೇರಿ ಮಾಡಿಕೊಡುವವರುಂಟೇ ಎಂದು ದಫೇದಾರರ ತಲೆಯಲ್ಲಿ ಹುಳ ಕೊರೆಯಿತು.

ನಾಲ್ಕು ಗಂಟೆಗೆ, ಮನೆಯವರ ಹೇಳಿಕೆ ಪಡೆಯಲು, ಮಹಿಳಾ ಪೇದೆಯ ಜೊತೆ ಮೀಟರಿನವನ ಮನೆಗೆ ಹೋದರು. ಒಂದೇ ಕೋಣೆ. ಮಂಚದ ಮೇಲೆ ಮೂರು ವರ್ಷದ ಮಗು ಮಲಗಿತ್ತು. ಅದರ ತಲೆಯಡಿಯ ದಿಂಬಿನ ಕವರಿನ ಅಂಚು ಹರಿದಿತ್ತು. ದಫೇದಾರರು ಲಕೋಟೆ ತೆರೆದು ಪಟ್ಟಿಯನ್ನು ಪಕ್ಕಕ್ಕೆ ಹಿಡಿದರು. ಅದೇ ಹೂವು.

"ದಿನಾ ತಲೆ ಇಡೋ ದಿಂಬು ಕಣಯ್ಯಾ. ಗುರುತು ಸಿಗಲಿಲ್ವಾ?"

ಅವನು ಕಣ್ಣುಕಣ್ಣು ಬಿಟ್ಟ. ಬಾಗಿಲ ಬಳಿ ನಿಂತಿದ್ದ ಹೆಂಡತಿ ಹೇಳಿದಳು, "ಡ್ರೈವರಣ್ಣನ್ನ ಬಿಟ್ಬಿಡಿ ಸಾರ್. ನಾನೇ ಮಾಡಿದ್ದು."

"ಹೇಗೆ?"

"ಸಿರಿಂಜಲ್ಲಿ ಕೆಳಗಿಂದ ಎಣ್ಣೆ ಒತ್ತಿದೆ. ನಮ್ಮಪ್ಪನ ಗ್ಯಾರೇಜಲ್ಲಿ ಕಲಿತಿದ್ದು."

"ಗಂಡನಿಗೆ ಹೇಳಬಾರದಿತ್ತಾ?"

"ಬ್ರೇಕ್ ಮೆತ್ತಗಿದೆ ಅಂತ ಎಷ್ಟು ಸಲ ಹೇಳಿದೀನಿ. ಇದು ನಿಮ್ಮಪ್ಪನ ಗ್ಯಾರೇಜಲ್ಲ ಅಂತಾರೆ. ಅಪ್ಪ ನಮ್ಮ ಮದುವೆಗೆ ಬರಲಿಲ್ಲವಲ್ಲ, ಆ ಸಿಟ್ಟು. ಆದ್ರೆ ಮಗೂನ ಟ್ಯಾಂಕಿನ ಮೇಲೆ ಕೂರಿಸ್ಕೊಂಡು ಹೋಗ್ತಾರೆ ಸಾರ್. ನಾನು ಜೀವ ಕೈಯಲ್ಲಿ ಹಿಡ್ಕೊಂಡಿರ್ತೀನಿ." ಅವಳ ದನಿ ಇಳಿಯಿತು. "ಗಟ್ಟಿಯಾಗಿದೆ, ಮೆಲ್ಲಗೆ ಹಿಡೀರಿ ಅಂತ ಒಂದು ಮಾತು ಹೇಳ್ಬೇಕಿತ್ತು. ಬಾಯಿ ಬರಲಿಲ್ಲ."

"ಕೇಸ್ ವಾಪಸ್ ತಗೋತೀನಿ," ಎಂದ ಗಂಡ.

"ಹರಿದು ಹಾಕೋಕೆ ಅದು ಕ್ಯಾಲೆಂಡರ್ ಹಾಳೆಯಲ್ಲ. ಕೋರ್ಟಲ್ಲಿ ಹೇಳ್ಕೋ," ಎಂದರು ದಫೇದಾರರು.

ಐದೂ ಹತ್ತಕ್ಕೆ ಠಾಣೆಯಲ್ಲಿ ಅವಳ ದಸ್ತಗಿರಿಯಾಯಿತು. ಡ್ರೈವರನಿಗೂ ಘಟನೆಗೂ ಸಂಬಂಧವಿಲ್ಲವೆಂದು ಇನ್ಸ್‌ಪೆಕ್ಟರ್ ಶಾಲೆಗೆ ತಾವೇ ಫೋನ್ ಮಾಡಿದರು. ಠಾಣಾ ಜಾಮೀನಿಗೆ ಯಾರಿದ್ದಾರೆ ಎಂದು ಕೇಳಿದಾಗ ಅವಳು ತಲೆ ತಗ್ಗಿಸಿದಳು.

"ಅಪ್ಪ ಬಿಟ್ರೆ ಯಾರೂ ಇಲ್ಲ. ಮಗು ಹುಟ್ಟಿದಾಗ ಅವರಿಗೊಂದು ಕಾಗದ ಬರೆದೆ. ಇವರು ಏನಂತಾರೋ ಅಂತ ಅಂಚೆಗೆ ಹಾಕಿಲ್ಲ. ಇನ್ನೂ ಚೀಲದಲ್ಲೇ ಇದೆ."

"ನಾನು ಸಹಿ ಹಾಕ್ತೀನಿ," ಎಂದು ಡ್ರೈವರ್ ಬೆಂಚಿನಿಂದ ಎದ್ದು ಬಂದ. "ಮೆಟ್ಟಿಲ ಕೆಳಗೆ ಮಾತ್ರ ಗಾಡಿ ಬೇಡ."

ಎಲ್ಲರೂ ಹೊರಗೆ ಬಂದಾಗ ಗಂಡ ಅವಳ ಮುಂದೆ ಎಡಗೈ ಚಾಚಿದ. ಅವಳು ಅರ್ಥವಾಗದೆ ಅವನ ಮುಖ ನೋಡಿದಳು. ಆಮೇಲೆ ಚೀಲದಿಂದ ಕಾಗದ ತೆಗೆದು ಕೊಟ್ಟಳು. ಅಂಚು ಸವೆದು ಮೆತ್ತಗಾಗಿದ್ದ ಆ ಲಕೋಟೆಯನ್ನು ಅವನು ರಸ್ತೆ ದಾಟಿ ಒಯ್ದು, ಅಂಚೆ ಡಬ್ಬಿಯೊಳಗೆ ಬಿಟ್ಟ.