ಅಪ್ಪನ ಸೇಬಿನ ಕಡ್ಡಿಗಳು

ಹಸುವಿನ ಹಾಲು ಕರೆದಿಟ್ಟು ಬಂದ ಶೋಲ್ಪಾನ್ ಸೇಬಿನ ಗಿಡದ ಮುಂದೆ ಮೊಣಕಾಲೂರಿದಳು.

ಚಳಿಗಾಲಕ್ಕೆ ಮುಂಚೆ ಕೊಂಬೆಗಳನ್ನು ನೆಲಕ್ಕೆ ಬಗ್ಗಿಸಿ ಮರದ ಕೊಕ್ಕೆ ಹೊಡೆದಿದ್ದಳು. ಆರು ತಿಂಗಳು ಹಿಮವೇ ಅದಕ್ಕೆ ಹೊದಿಕೆ. ಈಗ ಹಿಮ ಕರಗಿತ್ತು. ಮೊದಲ ಕೊಕ್ಕೆಗೆ ಕೈ ಹಾಕಿದ್ದಳಷ್ಟೇ...

"ಇವತ್ತು ಬಿಚ್ಚಬೇಡ. ಬಿಸಿಲು ಜೋರಾಗಿದೆ, ತೊಗಟೆ ಸುಟ್ಟುಹೋಗುತ್ತೆ!"

ಆ ದನಿ! ತಿರುಗಿ ನೋಡಬೇಕಾಗಿರಲಿಲ್ಲ. ಮೂರು ವರ್ಷದ ಹಿಂದೆ ಹೇಳದೆ ಕೇಳದೆ ಹೋದ ಗಂಡ ದೌರೆನ್ ಬೇಲಿಯಾಚೆ ನಿಂತಿದ್ದ.

"ತೊಗಟೆ ಸುಡೋದು ಕಾಣುತ್ತೆ ನಿಂಗೆ. ಹೆಂಡತಿ ಹೊಟ್ಟೆ ಉರಿದಿದ್ದು ಕಾಣ್ಲಿಲ್ಲ, ಅಲ್ವಾ?"

ಅವನು ಬೇಲಿ ದಾಟಿ ಬಂದು ಗಿಡದ ಪಕ್ಕ ಕೂತ.

ಅವನು ಹೋದ ಆ ವರ್ಷ, ಕಾಯಿಲೆಬಿದ್ದ ಎರಡು ವರ್ಷದ ಮಗಳು ಅಕ್ಮರಾಲಳನ್ನು ಎತ್ತಿಕೊಂಡು ಶೋಲ್ಪಾನ್ ಫೆಬ್ರವರಿ ಪೂರ್ತಿ ಆಸ್ಪತ್ರೆಯಲ್ಲಿದ್ದಳು. ಮಗು ಹುಷಾರಾಗಿ ಮನೆಗೆ ಬಂದರೆ ಗಂಡನಿಲ್ಲ! ಅವಳ ಅಪ್ಪ ಇಪ್ಪತ್ತು ವರ್ಷ ಸಾಕಿದ ಸೇಬಿನ ಗಿಡದ ಎಳೆಯ ಕಡ್ಡಿಗಳನ್ನೆಲ್ಲ ಯಾರೋ ಹಿಮ ತೋಡಿ ಕತ್ತರಿಸಿದ್ದರು. ಆ ಚಳಿ ತಡೆದು ಸಿಹಿ ಹಣ್ಣು ಬಿಡುವ ತಳಿ ಸುತ್ತಮುತ್ತ ಇನ್ನೆಲ್ಲೂ ಇರಲಿಲ್ಲ.

'ಮಾವನ ತಳಿ ಮಾರ್ಕೊಳ್ಳೋಕೆ ಅಲ್ಮಾಟಿ ಪಟ್ಟಣಕ್ಕೆ ಹೋದ' ಎಂದಿತು ಊರು. ವಸಂತದಲ್ಲಿ ನೋಡಿದರೆ ಇಲಿಗಳು ಬುಡದ ತೊಗಟೆಯನ್ನು ಸುತ್ತಲೂ ತಿಂದಿದ್ದವು. ಗಿಡ ಸತ್ತಿತು. ಕಸಿಯ ಕೆಳಗಿನ ಬೇರಿನಿಂದ ಎದ್ದದ್ದು ಹುಳಿ ಕಾಡುಸೇಬು. ಗೊತ್ತಿದ್ದೂ ಅದನ್ನೇ ಸಾಕಿದಳು.

ಶೋಲ್ಪಾನ್ ಒಳಗೆ ಹೋಗಿ ಚಹಾ ತಂದಳು. ಬಟ್ಟಲು ಅಂಚಿನವರೆಗೂ ತುಂಬಿತ್ತು.

ಬೇಕಾದವರಿಗಾದರೆ ಅರ್ಧ ಬಟ್ಟಲು, ಮತ್ತೆ ಮತ್ತೆ ಸುರಿಯುವುದಕ್ಕೆ. ತುಂಬಿ ಕೊಟ್ಟರೆ, ಕುಡಿದು ಎದ್ದು ಹೋಗು ಎಂದೇ.

ದೌರೆನ್‌ಗೆ ಅರ್ಥವಾಯಿತು. ಕೊನೆಯ ಹನಿಯವರೆಗೂ ಕುಡಿದ.

"ಒಂದು ಮಾತು ಹೇಳಿ ಹೋಗ್ತೀನಿ. ಆಸ್ಪತ್ರೆಯಿಂದ ಫೋನ್ ಮಾಡಿ ಕೇಳಿದ್ದೆಯಲ್ಲ, ಗಿಡದ ಸುತ್ತ ಹಿಮ ತುಳಿದು ಗಟ್ಟಿ ಮಾಡಿದ್ಯಾ ಅಂತ..."

"ತುಳಿದೆ ಅಂದೆ ನೀನು."

"ಸುಳ್ಳು ಹೇಳಿದೆ. ಹಿಮ ಸಡಿಲ ಇತ್ತು. ಇಲಿಗಳು ಒಳಗೇ ದಾರಿ ಮಾಡ್ಕೊಂಡು ಬಂದ್ವು. ನಾನು ತೋಡಿ ನೋಡೋ ಹೊತ್ತಿಗೆ ಬುಡದ ತೊಗಟೆ ತಿಂದು ಮುಗಿಸಿದ್ವು."

"ಹಾಗಾದ್ರೆ ಅಪ್ಪನ ಗಿಡ..."

"ನನ್ನಿಂದ್ಲೇ ಸತ್ತಿದ್ದು. ಉಳಿಸೋಣ ಅಂತ ಕಡ್ಡಿ ಕತ್ತರಿಸ್ಕೊಂಡು ಓಡಿದೆ. ಕಸಿ ಮಾಡಿದ್ದೆಲ್ಲ ಸತ್ತು ಒಂದೇ ಒಂದು ಬದುಕ್ತು. ಅದು ಕಡ್ಡಿ ಕೊಡೋತನಕ ಕಾದೆ."

"ಕಾಯೋಕೆ ಯಾರು ಹೇಳಿದ್ರು ನಿಂಗೆ?"

"ನಿನ್ನ ಮುಖ ನೋಡೋ ಧೈರ್ಯ ಇರ್ಲಿಲ್ಲ ಶೋಲ್ಪಾನ್."

"ಗಿಡಕ್ಕೆ ಒಂದು ದಿನ ಅತ್ತು ಸುಮ್ಮನಾಗ್ತಿದ್ದೆ ಕಣೋ! ನಿಂಗೆ ಮೂರು ವರ್ಷ ಅತ್ತೆ..."

ದೌರೆನ್ ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಕಡ್ಡಿಗಳನ್ನು ಅವಳ ಪಕ್ಕ ನೆರಳಿನಲ್ಲಿಟ್ಟು ಎದ್ದ.

"ಕಸಿ ಕಟ್ಟೋಕೆ ಯಾರನ್ನಾದ್ರೂ ಕರೆಸ್ಕೋ."

ನಾಲ್ಕು ಹೆಜ್ಜೆ ಹೋಗಿದ್ದ.

"ನಿಲ್ಲು! ನೀನು ಮಾಡಿದ್ದನ್ನ ಸರಿ ಮಾಡೋಕೆ ಊರೋರು ಬರ್ಬೇಕಾ? ಚಾಕು ತೆಗಿ."

ಅವನು ಕಾಡುಸೇಬಿನ ಕಾಂಡ ಸೀಳಿದ. ಚೂಪು ಮಾಡಿದ ಕಡ್ಡಿಯನ್ನು ಅದರೊಳಗೆ ಕೂರಿಸಿದ. ಶೋಲ್ಪಾನ್ ಎರಡನ್ನೂ ಸೇರಿಸಿ ಹಿಡಿದಳು. ಪಟ್ಟಿ ಸುತ್ತುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು. ಅವಳು ಕೈ ಹಿಂದೆಗೆಯಲಿಲ್ಲ.

"ಬಿಗಿಯಾಗಿ ಕಟ್ಟು."

"ನಿನ್ನ ಬೆರಳಿಗೆ ನೋವಾಗುತ್ತೆ..."

"ಆಗ್ಲಿ. ಕಟ್ಟು."

ಅವನ ಕಣ್ಣು ತುಂಬಿತು. "ನಂಬ್ತೀಯಾ ಇನ್ನು?"

"ಇಲ್ಲ." ಪಟ್ಟಿಯ ತುದಿಯನ್ನು ಅವಳೇ ಎಳೆದಳು. "ಚಳಿಗಾಲ ಬರ್ಲಿ. ಹಿಮ ತುಳಿ. ನಾನು ಕಿಟಕಿಯಿಂದ ನೋಡ್ತೀನಿ."

ಅಂದರೆ... ಚಳಿಗಾಲದವರೆಗೂ ಇಲ್ಲೇ ಇರು ಎಂದೇ?! ದೌರೆನ್ ಅವಳನ್ನೇ ನೋಡಿದ. ಶೋಲ್ಪಾನ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಅಷ್ಟು ಹೊತ್ತೂ ಬಾಗಿಲ ಹಿಂದೆ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಐದು ವರ್ಷದ ಅಕ್ಮರಾಲ್ ಮೆಲ್ಲಗೆ ಹೊರಗೆ ಬಂದಳು. ಅವನು ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಬಾ, ನನ್ನ ಕುದುರೆಮರಿ..." ದೌರೆನ್ ಕೈ ಚಾಚಿದ.

ಅವಳು ಹತ್ತಿರ ಬಂದು ಅವನ ತೋಳಿನ ಬಟ್ಟೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದಳು.

"ಅಪ್ಪಾ... ಇನ್ಮೇಲೆ ಎಲ್ಲಿಗಾದ್ರೂ ಹೋಗೋವಾಗ ನಮ್ಗೆ ಹೇಳಿ ಹೋಗ್ತೀಯಾ?"